ಯಾರಿಗೂ ಬೇಡದ ಉಪದೇಶ

ಆಸ್ಟ್ರೇಲಿಯಾದ ಹೋಬಾರ್ಟಿನ ಅಪರೂಪದ ಪುಸ್ತಕಗಳ ಗ್ರಂಥಾಲಯಕ್ಕೆ ಪೆಂಗೆಲಿ ಸಂಗ್ರಹ ಬಂದದ್ದು ಅಲ್ಲೇ ಕೆಲಸಕ್ಕಿದ್ದ ಲಯೋನೆಲ್ ಟ್ರೆಗಿಯರ್‌ನಿಂದ. ವರ್ಷಗಟ್ಟಲೆ ಮುದುಕಿ ಪೆಂಗೆಲಿಯ ಮನೆಗೆ ಎಡತಾಕಿ, ಅವಳ ಒಣಕಲು ಕೇಕು ತಿಂದು, ಅವಳ ಬೆಕ್ಕಿನ ಕಾಯಿಲೆಯ ಕತೆ ಕೇಳಿ, ದಾನಕ್ಕೆ ಒಪ್ಪಿಸಿದವನು ಅವನು. ಉದ್ಘಾಟನೆಯ ದಿನ ಮುಖ್ಯಸ್ಥೆ ಇಂಗ್ರಿಡ್ ಹೋಲ್ಟ್ ಅಡುಗೆಯವರಿಗೂ ವಂದನೆ ಹೇಳಿದಳು, ಇವನ ಹೆಸರನ್ನು ಮಾತ್ರ ಎತ್ತಲಿಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗಿತ್ತು.

ಆ ಸಂಗ್ರಹದಲ್ಲಿ ಅವನಿಗೆ ಬೇಕಿದ್ದದ್ದು ಅಂಗೈಯಗಲದ ಒಂದೇ ಪುಸ್ತಕ. ಅದರಲ್ಲಿ ಅಕ್ಷರವಿರಲಿಲ್ಲ. ಟೋಂಗಾ ದ್ವೀಪದ ಹೆಂಗಸರು ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ತುಂಡುಗಳನ್ನು ಯಾವನೋ ನಾವಿಕ ಒಂದು ಕಾಲದಲ್ಲಿ ಸೇರಿಸಿ ಹೊಲಿದಿದ್ದ. ಮಾರುವ ಯೋಚನೆ ಲಯೋನೆಲ್‌ಗಿರಲಿಲ್ಲ, ಮಾರಹೋದವರೇ ಸಿಕ್ಕಿಬೀಳುವುದು. ನಿವೃತ್ತಿಯಾದ ಮೇಲೂ ದಿನಾ ಅದನ್ನು ಮುಟ್ಟಬೇಕು, ಅಷ್ಟೇ. ಅದಿಲ್ಲದ ಮುಪ್ಪು ಅವನಿಗೆ ಬೇಡವಾಗಿತ್ತು.

ಕಷ್ಟವಿದ್ದದ್ದು ಬಾಗಿಲಲ್ಲಿ. ಕಾವಲುಗಾರ ಕೋಲಿನ್ ಇಂಗ್ರಿಡಳ ಚೀಲವನ್ನೂ ಬಿಚ್ಚಿಸುತ್ತಿದ್ದ. ಆದರೆ ದಾನ ಬಂದ ರಾಶಿಯಲ್ಲಿನ ಹೆಚ್ಚುವರಿ ಪ್ರತಿಗಳನ್ನು ಗ್ರಂಥಾಲಯ ವರ್ಷಕ್ಕೊಮ್ಮೆ ಅಗ್ಗಕ್ಕೆ ಮಾರುತ್ತಿತ್ತು. ಆವತ್ತು ರಸೀದಿ ತೋರಿಸಿದರೆ ಕೋಲಿನ್ ನಗುತ್ತ ಬಿಡುತ್ತಿದ್ದ. ಲಯೋನೆಲ್ ಮಾರಾಟಕ್ಕಿಟ್ಟವುಗಳಿಂದ ಯಾವನೋ ಪಾದ್ರಿಯ ಉಪದೇಶಗಳ ದಪ್ಪ ಸಂಪುಟವೊಂದನ್ನು ಆರಿಸಿದ. ಹಾಳೆಗಳನ್ನು ಅಂಟಿಸಿ, ಮೊದಲ ಹಾಳೆಯಿಂದಲೇ ಚೌಕವಾಗಿ ಕೊರೆದು, ತನ್ನ ಪುಸ್ತಕವನ್ನು ಒಳಗೆ ಮಲಗಿಸಿ, ಸಂಪುಟವನ್ನು ಮಾರಾಟದ ಮೇಜಿಗೇ ಮರಳಿಸಿದ. ಭದ್ರ ಕೋಣೆಯಲ್ಲಿ ಬಟ್ಟೆಯ ಪುಸ್ತಕವಿದ್ದ ಪೆಟ್ಟಿಗೆಯಲ್ಲಿ ಅದೇ ತೂಕದ ಹಳೆಯ ಪ್ರಾರ್ಥನಾ ಪುಸ್ತಕ ಇಟ್ಟ. ಬದುಕಿದ್ದವರ ಉಪದೇಶವೇ ಯಾರಿಗೂ ಬೇಡ, ಸತ್ತ ಪಾದ್ರಿಯದ್ದನ್ನು ಬಿಡಿಸಿ ನೋಡುವವರು ಯಾರು? ಶುಕ್ರವಾರ ಅವನ ನಿವೃತ್ತಿ, ಶನಿವಾರ ಮಾರಾಟ. ಬಾಗಿಲು ತೆರೆದೊಡನೆ ಹೋಗಿ, ಕಾಸು ಕೊಟ್ಟು ಕೊಂಡರಾಯಿತು.

ಮಾರಾಟದ ಮೇಜು ನೋಡಿಕೊಳ್ಳುತ್ತಿದ್ದವಳು ಸ್ವಯಂಸೇವಕಿ ಡಲ್ಸಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತೆ ಲಯೋನೆಲ್ ಆ ವಾರ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಸಂಪುಟದ ಬೆನ್ನು ಸವರಿ ಬಂದ.

"ಏನ್ ಲಯೋನೆಲ್, ವಯಸ್ಸಾದ್ಮೇಲೆ ಭಕ್ತಿ ಬಂತಾ?" ಎಂದು ಅವಳು ಛೇಡಿಸಿದಳು.

"ಮೇಲಿನವನ ಹತ್ರ ಹೋಗೋ ಕಾಲ ಬಂತಲ್ಲ ಡಲ್ಸಿ, ಈಗ್ಲಿಂದಾನೇ ತಯಾರಿ," ಎಂದ. ಉತ್ತರ ಚೆನ್ನಾಗಿ ಹೊಳೆಯಿತು ಎಂದು ಬೀಗಿದ.

ಶುಕ್ರವಾರ ಬೀಳ್ಕೊಡುಗೆಯ ಚಹಾ. ಆ ಪದ್ಧತಿ ಹಾಕಿದವನೂ ಅವನೇ: ಲ್ಯಾಮಿಂಗ್ಟನ್ ಕೇಕು, ನಾಲ್ಕು ಒಳ್ಳೆಯ ಮಾತು, ಮಾರಾಟದ ಮೇಜಿನಿಂದ ಆರಿಸಿದ ಒಂದು ಪುಸ್ತಕ. ಡಲ್ಸಿ ಕಟ್ಟನ್ನು ಅವನ ಕೈಗಿತ್ತಳು. "ನಿಮ್ ಕಣ್ಣು ಇದ್ರ ಮೇಲೇ ಇತ್ತಲ್ಲ, ಅದಕ್ಕೇ ನಾನೇ ಎತ್ತಿಟ್ಟಿದ್ದೆ," ಎಂದಳು ತಗ್ಗಿದ ದನಿಯಲ್ಲಿ. ಕಾಗದ ಸರಿಸಿದಾಗ ಪಾದ್ರಿಯ ಹೆಸರು ಕಂಡಿತು. ಲಯೋನೆಲ್‌ಗೆ ನಗು ತಡೆಯಲಾಗಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಆದರೆ ಸಂಪುಟ ಕೈಗೆ ಹಗುರವೆನಿಸಿತು. ಕೇಕನ್ನು ಯಾರೂ ಮುಟ್ಟಿರಲಿಲ್ಲ. ಇಂಗ್ರಿಡ್ ಅವನನ್ನೇ ನೋಡುತ್ತಿದ್ದಳು. ಕೋಲಿನ್ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಆಗ ಅವನಿಗೆ ತಾನೇ ಹಾಕಿದ ಪದ್ಧತಿಯ ಉಳಿದರ್ಧ ನೆನಪಾಯಿತು: ಕಟ್ಟು ಕಟ್ಟುವ ಮುಂಚೆ ಪುಸ್ತಕ ಎಲ್ಲರ ಮೇಜಿಗೂ ಹೋಗಬೇಕು, ಪ್ರತಿಯೊಬ್ಬರೂ ಅದನ್ನು ತೆರೆದು ಮೊದಲ ಹಾಳೆಯ ಮೇಲೆ ಸಹಿ ಹಾಕಬೇಕು.