ಒಂದು ಹೊಟ್ಟೆಗೆ ಒಂದೇ ಕೈ

ಪರದೆ ಸರಿಸಿದವಳ ಕೈ ಅಲ್ಲೇ ನಿಂತಿತು.

ತುರ್ತು ವಾರ್ಡಿನ ನಾಲ್ಕನೇ ಹಾಸಿಗೆಯಲ್ಲಿ ಮಲಗಿದ್ದವನು... ಅವನೇ! ಹನ್ನೊಂದು ವರ್ಷ ಕಳೆದರೂ ಅದೇ ನಗು.

"ಗಂಟೆಮ್ಮಾ... ಬಂದು ಬಂದು ನಿನ್ನ ಕೈಗೇ ಸಿಕ್ಕಿಬಿದ್ನಾ?"

ಎಷ್ಟು ಕಾಲವಾಗಿತ್ತು ಆ ಹೆಸರು ಕೇಳಿ! ಇಬ್ಬರೂ ಸರ್ಜರಿ ಕಲಿಯುತ್ತಿದ್ದಾಗ, ಗಂಟೆಗೊಮ್ಮೆ ಹೋಗಿ ರೋಗಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ ಅವಳಿಗೆ ಅವನಿಟ್ಟ ಅಡ್ಡಹೆಸರು. ಮೇಲೆ ಹುಸಿಮುನಿಸು, ಒಳಗೊಳಗೇ ಖುಷಿ. ಒಂದೇ ಲೋಟದ ಕಾಫಿಯನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದ ದಿನಗಳವು.

"ಏನಾಯ್ತು?" ಡಾಕ್ಟರ ದನಿ ತಂದುಕೊಂಡಳು.

"ಸ್ಕೂಟರಿಂದ ಬಿದ್ದೆ. ಹ್ಯಾಂಡಲ್ ಹೊಟ್ಟೆಗೆ ಗುದ್ದಿತು. ಸ್ಕ್ಯಾನಲ್ಲಿ ಏನೂ ಇಲ್ಲ. ಮನೆಗೆ ಕಳಿಸ್ಬಿಡು ತಾಯಿ!"

"ಕರುಳು ಹರಿದಿದ್ರೂ ಮೊದಲ ಸ್ಕ್ಯಾನಲ್ಲಿ ಕಾಣದೇ ಇರಬಹುದು. ನಿಂಗೆ ಹೇಳಿಕೊಡ್ಬೇಕಾ?"

ಬೇಕಿರಲಿಲ್ಲ. 'ಒಂದು ಹೊಟ್ಟೆಗೆ ಒಂದೇ ಕೈ' ಎನ್ನುತ್ತಿದ್ದರು ಅವರ ಮೇಷ್ಟ್ರು. ಮೊದಲು ಮುಟ್ಟಿದ ಕೈಯೇ ಮತ್ತೆ ಮತ್ತೆ ಮುಟ್ಟಿದರೆ ಹೊಟ್ಟೆ ಬಿಗಿಯಾಗುತ್ತಿರುವುದು ತಿಳಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ದಿನ, ಇಂಥದೇ ರೋಗಿಯನ್ನು ಕಾಯುತ್ತಿದ್ದವನು ಒಂದು ಫೋನ್ ಬಂದೊಡನೆ, "ಸ್ವಲ್ಪ ನೋಡ್ಕೋ" ಎಂದಷ್ಟೇ ಹೇಳಿ ಓಡಿದ್ದ. ಅವಳ ಹೊಸ ಕೈಗೆ ಬಿಗಿ ತಿಳಿಯಲಿಲ್ಲ. ಆಪರೇಷನ್ ತಡವಾಗಿ, ರೋಗಿ ಸಾವಿನ ದವಡೆಯಿಂದ ಕೂದಲೆಳೆಯಲ್ಲಿ ಪಾರಾದ.

"ನೀನು ರೋಗೀನ ಮುಟ್ಟೋಕೂ ಲಾಯಕ್ಕಿಲ್ಲ!" ಎಂದು ಅವನು ಮರಳಿದಾಗ ಎಲ್ಲರೆದುರು ಕೂಗಾಡಿದ್ದಳು. ಅವನು ಕಾರಣ ಹೇಳದೆ ಆಸ್ಪತ್ರೆಯನ್ನೇ ಬಿಟ್ಟ. ಅಂದು ಅವನ ಅಮ್ಮ ತೀರಿಕೊಂಡಿದ್ದರೆಂದು ಅವಳಿಗೆ ತಿಳಿದದ್ದು ತಿಂಗಳಾದ ಮೇಲೆ.

ಯಾವ ಮುಖ ಹೊತ್ತು ಫೋನ್ ಮಾಡಲಿ?... ಅಂದುಕೊಳ್ಳುತ್ತಲೇ ವರ್ಷಗಳು ಉರುಳಿದ್ದವು.

ಹೊಟ್ಟೆ ಮುಟ್ಟಿದಳು. ಮೆತ್ತಗಿತ್ತು. ಹ್ಯಾಂಡಲ್ ಬಡಿದ ಜಾಗದಲ್ಲಷ್ಟೇ ನೋವು. ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದಳು.

ಹತ್ತು ಗಂಟೆಗೆ ಬಂದಳು. ಹನ್ನೊಂದಕ್ಕೆ ಬಂದಳು. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ.

"ನೋವು ಜಾಸ್ತಿ ಆಯ್ತಾ?"

"ನೋವಾ? ನಿನ್ನ ಕೈ ತಣ್ಣಗಿದೆ ಅಷ್ಟೇ! ಮೇಷ್ಟ್ರ ಮೀಸೆ ನೆನಪಿದ್ಯಾ? ಅದು ಗಂಜಿಗೆ ಅದ್ದಿ..." ಒಂದರ ಹಿಂದೊಂದು ತಮಾಷೆ.

ಅವಳಿಗೆ ತಟ್ಟನೆ ನೆನಪಾಯಿತು. ಕಾಲು ಮುರಿದುಕೊಂಡ ದಿನವೂ ಅವನು ಹೀಗೇ ವಾರ್ಡನ್ನೆಲ್ಲ ನಗಿಸಿದ್ದ!

ಗಟ್ಟಿಯಾಗಿ ಮುಟ್ಟಿದಳು. ಬಿಗಿ ಗೆರೆ ದಾಟಿ ಹೊಟ್ಟೆಯೆಲ್ಲ ಹರಡಿತ್ತು. ನಾಡಿ ಓಡುತ್ತಿತ್ತು.

"ಸುಳ್ಳುಗಾರ! ನನ್ನ ಹತ್ರಾನೂ ಮುಚ್ಚಿಡ್ತೀಯಾ?"

"ಮತ್ತೆ ನಿಂಗೆ ತೊಂದ್ರೆ ಕೊಡಬಾರ್ದು ಅಂತ..."

"ಬಾಯಿ ಮುಚ್ಚು!" ಅವಳ ಕಣ್ಣು ತುಂಬಿತ್ತು. "ಸಿಸ್ಟರ್, ಥಿಯೇಟರ್ ರೆಡಿ ಮಾಡಿ!"

ಸಣ್ಣ ಕರುಳಿನಲ್ಲಿ ಕಡಲೆಕಾಳಿನಷ್ಟು ತೂತು. ಅವಳೇ ಹೊಲಿದಳು.

ಮರುದಿನ ಬೆಳಿಗ್ಗೆ ಅವನಿಗೆ ಪೂರ್ತಿ ಎಚ್ಚರವಾದಾಗ ಪಕ್ಕದಲ್ಲೇ ಕೂತಿದ್ದಳು.

"ಅವತ್ತು ಯಾಕೆ ಓಡಿದೆ ಅಂತ ಒಂದು ಮಾತು ಕೇಳಲಿಲ್ಲ ನಾನು... ಕ್ಷಮಿಸ್ತೀಯಾ?"

"ನಾನೂ ಹೇಳಲಿಲ್ವಲ್ಲ. ನೀನಾಗೇ ಕೇಳ್ತೀಯ ಅಂತ ಹನ್ನೊಂದು ವರ್ಷ ಕಾದೆ, ನೋಡು."

"ಮದುವೆ...?"

"ಗಂಟೆಗೊಮ್ಮೆ ಬಂದು ವಿಚಾರಿಸೋರು ಇನ್ಯಾರೂ ಸಿಗಲಿಲ್ಲ."

ಅವಳು ಅಳುತ್ತಲೇ ನಕ್ಕಳು. ಬ್ಯಾಂಡೇಜಿನ ಪಕ್ಕ ಮೆಲ್ಲಗೆ ಕೈಯಿಟ್ಟಳು.

"ನೋವಿದ್ಯಾ?"

ಈ ಸಲ ಅವನು ತಮಾಷೆ ಮಾಡಲಿಲ್ಲ.

"ಹೂಂ... ತುಂಬಾ ಇದೆ. ಎದ್ದು ಹೋಗ್ಬೇಡ."

"ಹೋಗಲ್ಲ ಕಣೋ."