ಎರಡು ಚಮಚ ಸಕ್ಕರೆ

ಲೋಳೆ ಎಂದರೇನು ಎಂದು ಪುಟ್ಟಿಗೆ ಹೇಳಿಕೊಟ್ಟವಳೇ ಅಕ್ಕ. ಕೊಳಚೆ ನೀರಿನ ತೊಟ್ಟಿಯಲ್ಲಿ ಕೊಳೆ ತಿಂದು ಬದುಕುವ ಸೂಕ್ಷ್ಮಜೀವಿಗಳು ಮೈಸುತ್ತ ಒಂದು ಅಂಟು ಲೋಳೆ ಹೊರಹಾಕುತ್ತವೆ. ಸಕ್ಕರೆಯ ಕಣಗಳು ಸರಪಳಿಯಂತೆ ಕೂಡಿ ಆದ ಲೋಳೆ. ನೀರು ಸೋಸುವ ಪೊರೆಗೆ ಅದು ಮೆತ್ತಿಕೊಂಡರೆ ಇಡೀ ಘಟಕದ ಉಸಿರೇ ಕಟ್ಟುತ್ತದೆ. ಈಗ ಅದೇ ಪುಟ್ಟಿ, ಒಡಹುಟ್ಟಿದ ತಂಗಿ, ಲೋಳೆ ಕಡಿಮೆ ಮಾಡುವ ದಾರಿ ಕಂಡುಹಿಡಿದು ಕೂತಿದ್ದಳು. ಸೋಮವಾರದ ಪರೀಕ್ಷೆಯಲ್ಲಿ ಅದು ನಿಜವೆಂದಾದರೆ, ಅಕ್ಕ ವರ್ಷಗಟ್ಟಲೆ ಕಾದಿದ್ದ ಪ್ರಯೋಗಾಲಯದ ದೊಡ್ಡ ಕುರ್ಚಿ ಪುಟ್ಟಿಯ ಪಾಲು.

ಮನೆಯಲ್ಲಿ ಅಮ್ಮನ ಬಾಯಲ್ಲೂ ಪುಟ್ಟಿಯದೇ ಜಪ. "ನೀನೂ ಸ್ವಲ್ಪ ಅವಳ ಥರ ತಲೆ ಓಡಿಸಬಾರದೇನೇ?" ಅಕ್ಕನ ಹೊಟ್ಟೆ ಉರಿದುಹೋಯಿತು. ಇದು ಹೊಟ್ಟೆಕಿಚ್ಚೇ ಎಂದು ಅವಳಿಗೆ ಗೊತ್ತಿತ್ತು, ನಾಚಿಕೆ ಮಾತ್ರ ಆಗಲಿಲ್ಲ.

ಪರೀಕ್ಷೆ ಮಾಡುವವಳು ಅಕ್ಕನೇ. ಆಮ್ಲ ಬಿದ್ದೊಡನೆ ಲೋಳೆ ಸಕ್ಕರೆಯಾಗಿ ಒಡೆದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಲೋಳೆ ಹೆಚ್ಚು. ಆದರೆ ಲೋಳೆಯ ಸಕ್ಕರೆ ಯಾವುದು, ಚಹಾದ ಸಕ್ಕರೆ ಯಾವುದು ಎಂಬ ಭೇದ ಆಮ್ಲಕ್ಕಿಲ್ಲ. ಸೋಮವಾರ ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರೂ ಪುಟ್ಟಿಯೂ ಎದುರಿಗೇ ನಿಂತಿರುತ್ತಾರೆ. ಹಾಗಾಗಿ ಶನಿವಾರವೇ ಹಳೆಯ ತೊಟ್ಟಿಯಿಂದ ಒಂದು, ಪುಟ್ಟಿ ತನ್ನ ಹೊಸ ದಾರಿ ಪ್ರಯೋಗಿಸುತ್ತಿದ್ದ ತೊಟ್ಟಿಯಿಂದ ಒಂದು ಬಾಟಲಿ ಕೆಸರುನೀರು ತುಂಬಿ, ಪುಟ್ಟಿಯದಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕುಲುಕಿದಳು. ಕರಗಿತು. ಮುಚ್ಚಳಗಳನ್ನು ಬಿಗಿಯಾಗಿ ತಿರುಗಿಸಿ ನೇರ ಸಾಹೇಬರ ಬಳಿ ಹೋದಳು.

"ಸಾರ್, ಅಕ್ಕ ತಂಗೀಗೆ ಸಹಾಯ ಮಾಡಿದ್ಲು ಅಂತ ನಾಳೆ ಯಾರೂ ಆಡ್ಕೋಬಾರದು. ನೀವೇ ಮುಚ್ಚಳದ ಮೇಲೆ ಚೀಟಿ ಅಂಟಿಸಿ ಸಹಿ ಹಾಕ್ಬಿಡಿ. ತುಂಬಿಸಿದ್ದು ನಾನೊಬ್ಬಳೇ, ಬೇರೆ ಯಾರೂ ಮುಟ್ಟಿಲ್ಲ. ಫ್ರಿಜ್ ಆದ್ರೆ ಎಲ್ರೂ ತೆಗೀತಾರೆ, ನನ್ನ ಕಪಾಟಲ್ಲಿಟ್ಟು ಬೀಗ ಹಾಕ್ತೀನಿ."

"ನಿನ್ನಂಥ ಅಕ್ಕ ಎಲ್ಲರಿಗೂ ಸಿಗಲ್ಲಮ್ಮ," ಎಂದರು ಸಾಹೇಬರು.

ಸೋಮವಾರ ಬೆಳಿಗ್ಗೆ ಪುಟ್ಟಿಯ ಜಡೆಯನ್ನೂ ತಾನೇ ಹೆಣೆದಳು.

"ಎದೆ ಡವಡವ ಅಂತಿದೆ ಅಕ್ಕಾ."

"ನಾನಿದೀನಲ್ಲೇ," ಎಂದು ಅಕ್ಕ ಕೊನೆಯ ಗಂಟನ್ನು ಬಿಗಿದಳು.

ಪ್ರಯೋಗಾಲಯದಲ್ಲಿ ಸಾಹೇಬರು ತಮ್ಮ ಸಹಿ ನೋಡಿ ತಲೆಯಾಡಿಸಿದರು. ಹಳೆಯ ತೊಟ್ಟಿಯ ಬಾಟಲಿ ತೆಪ್ಪಗೆ ತೆರೆದುಕೊಂಡಿತು. ಪುಟ್ಟಿಯದಕ್ಕೆ ಅಕ್ಕ ಕೈಹಾಕಿ ಅರ್ಧ ಸುತ್ತು ತಿರುಗಿಸಿದ್ದಳು ಅಷ್ಟೇ, ಮುಚ್ಚಳ ಡಬ್ ಎಂದು ಹಾರಿ ಛಾವಣಿಗೆ ಬಡಿಯಿತು. ನೊರೆ ಉಕ್ಕಿ ಅಕ್ಕನ ಮುಖ, ಬಿಳಿ ಕೋಟು ಎಲ್ಲವನ್ನೂ ತೋಯಿಸಿತು. ಹುಳಿವಾಸನೆ ಕೋಣೆಯನ್ನೆಲ್ಲ ತುಂಬಿತು.

ಪುಟ್ಟಿ ನೊರೆಯನ್ನು ಬೆರಳಿಗೆ ತಗುಲಿಸಿ ಮೂಸಿದಳು. ಅವಳ ಮುಖ ನಿಧಾನವಾಗಿ ಬಿಳುಪೇರಿತು. "ಲೋಳೆ ಕಮ್ಮಿಯಾಗಲಿ ಅಂತ ಈ ಜೀವಿಗಳನ್ನ ಅರೆಹೊಟ್ಟೇಲಿ ಇಟ್ಟಿರ್ತೀನಿ ಅಕ್ಕಾ. ಇವಕ್ಕೆ ಊಟ ಹಾಕಿದ್ದು ಯಾರು?" ಇಷ್ಟು ವರ್ಷ ಅವುಗಳ ಜೊತೆಗೇ ಕಳೆದ ಅಕ್ಕನಿಗೆ ಆಗ ಹೊಳೆಯಿತು: ಬಾಟಲಿಯಲ್ಲಿದ್ದವು ಸತ್ತಿರಲಿಲ್ಲ. ಬೆಚ್ಚಗಿನ ಕಪಾಟಿನಲ್ಲಿ ಕೂತು, ಸಿಕ್ಕ ಸಕ್ಕರೆಯನ್ನೆಲ್ಲ ತಿಂದು ತೇಗಿದ್ದವು. ಸಾಹೇಬರು ಅಕ್ಕನ ಕೊರಳಲ್ಲಿ ತೂಗುತ್ತಿದ್ದ ಬೀಗದ ಕೈಯನ್ನೇ ನೋಡುತ್ತಿದ್ದರು.