ಬೀಗದ ಕೈ ಬದಲಿಸಿಕೊಂಡ ದೊರೆಗಳು

ಚಂದಿರನೊಳಗೆ ಮೊಲ ಇನ್ನೂ ಮರಿಯಾಗಿದ್ದ ಕಾಲ. ಒಂದು ಹೊಳೆ, ಅದರ ಎರಡು ದಡಕ್ಕೆ ಎರಡು ರಾಜ್ಯ. ಈಚೆಯದು ಅದಿರುಗಿರಿ, ಎಲ್ಲಿ ಅಗೆದರೂ ಕಬ್ಬಿಣದ ಅದಿರು. ಆಚೆಯದು ಇದ್ದಿಲವನ, ಕಾಡಿನ ತುಂಬ ಇದ್ದಿಲು. ಒಬ್ಬರಿಲ್ಲದೆ ಇನ್ನೊಬ್ಬರು ಒಂದು ಸೂಜಿಯನ್ನೂ ಮಾಡುವಂತಿರಲಿಲ್ಲ. ಆದರೆ ಕೊಟ್ಟು ತಗೊಂಡು ಬಾಳುವ ಬುದ್ಧಿ ಬರಬೇಕಲ್ಲ! ಇವರು ಅವರ ಇದ್ದಿಲು ದೋಚುವುದು, ಅವರು ಇವರ ಅದಿರು ದೋಚುವುದು, ಕತ್ತಿ ಮಾಡಿಕೊಂಡು ಮತ್ತೆ ಹೊಡೆದಾಡುವುದು.

ಅವರ ಸಂಧಿಯ ಪದ್ಧತಿ ಕೇಳಿದರಂತೂ ನಗಬೇಕೋ ಅಳಬೇಕೋ ತಿಳಿಯದು. ಯುದ್ಧ ಮುಗಿದ ಮೇಲೆ ದೊರೆಗಳಿಬ್ಬರೂ ಅಪ್ಪಿಕೊಂಡು, ರೇಷ್ಮೆ ಸುತ್ತಿದ ಹೊಸ ಕತ್ತಿಗಳನ್ನು ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದರು. ಮುಂದಿನ ಯುದ್ಧ ಅದೇ ಕತ್ತಿಯಿಂದ ಶುರು!

ಇದನ್ನು ನೋಡಿ ಹಿಗ್ಗುತ್ತಿದ್ದವನು ಧೂಮಕೇಶನೆಂಬ ಮಾಂತ್ರಿಕ. ಕತ್ತಿಗೆ ಕತ್ತಿ ತಾಗಿದಾಗಲೆಲ್ಲ ಅವನ ಆಯುಸ್ಸು ಬೆಳೆಯುತ್ತಿತ್ತು. ಕಳೆದ ಯುದ್ಧದಲ್ಲಿ ಅವನು ಅದಿರುಗಿರಿಯ ರಾಜಕುಮಾರ ಮಣಿಕೇತನನ್ನು ಕಬ್ಬಿಣದ ಬೊಂಬೆ ಮಾಡಿಬಿಟ್ಟ. ತಂಗಿ ಕೇದಗಿ ಅಣ್ಣನ ತಣ್ಣನೆಯ ಕಾಲು ತಬ್ಬಿ ಅತ್ತಳು.

"ಅಳಬೇಡವೇ ಹುಡುಗಿ," ಎಂದು ಮಾಂತ್ರಿಕ ನಕ್ಕ. "ಮೂರು ಸುಗ್ಗಿ ಕಳೆಯುವವರೆಗೆ ಎರಡು ರಾಜ್ಯದಲ್ಲೂ ಯಾರೂ ಕತ್ತಿ ಹಿರಿಯದಿದ್ದರೆ ನಿನ್ನಣ್ಣ ಎದ್ದು ಬರುತ್ತಾನೆ. ಹಿರಿದರೋ, ತುಕ್ಕು ಹಿಡಿದು ಉದುರಿಹೋಗುತ್ತಾನೆ."

ಸಂಧಿಯ ದಿನ ಬಂತು. ಇದ್ದಿಲವನದ ಮುದಿ ದೊರೆ ಬಲ್ಲರಸ ರೇಷ್ಮೆಯ ಗಂಟು ಚಾಚಿದ. ಕೇದಗಿ ಅಡ್ಡ ಬಂದಳು.

"ದೊರೆಗಳೇ, ಕತ್ತಿ ಬೇಡ. ನಿಮ್ಮ ಇದ್ದಿಲ ಉಗ್ರಾಣದ ಬೀಗದ ಕೈ ಕೊಡಿ. ನಮ್ಮ ಗಣಿಯ ಬೀಗದ ಕೈ ನೀವಿಟ್ಟುಕೊಳ್ಳಿ. ಹೊಳೆಯ ನಡುಗಡ್ಡೆಯಲ್ಲಿ ಇಬ್ಬರಿಗೂ ಒಂದೇ ಕುಲುಮೆ ಇರಲಿ."

"ಏನು ತಲೆಗಿಲೆ ಕೆಟ್ಟಿದೆಯೇನೇ?" ಎಂದು ಅವಳಪ್ಪ ಗಿರಿಮಲ್ಲ ದೊರೆ ಗದರಿದ.

"ನನಗೆ ಅಣ್ಣ ಬೇಕಪ್ಪ," ಎಂದಳು ಕೇದಗಿ.

ಬಲ್ಲರಸನ ಮಗ ಅದೇ ಯುದ್ಧದಲ್ಲಿ ಸತ್ತಿದ್ದ. ಮುದುಕ ಕಣ್ಣೊರೆಸಿಕೊಂಡು ಸೊಂಟದಿಂದ ಬೀಗದ ಕೈ ಬಿಚ್ಚಿಕೊಟ್ಟ. ಅದನ್ನು ಕಂಡು ಗಿರಿಮಲ್ಲನೂ ತನ್ನದನ್ನು ಕೊಟ್ಟ. ಉಡುಗೊರೆ ಕತ್ತಿಗಳೇ ಕುಲುಮೆಯ ಮೊದಲ ಬೆಂಕಿಗೆ ಬಿದ್ದವು. ಉಳಿದವೂ ಒಂದೊಂದಾಗಿ ಕರಗಿ ನೇಗಿಲು, ಕುಡುಗೋಲು, ಕಾವಲಿಗಳಾದವು. ಒರೆ ಖಾಲಿಯಿದ್ದರೆ ದೊರೆಗೆ ಶೋಭೆಯೇ? ರಾಣಿಯರು ಅದರೊಳಗೆ ದೋಸೆ ಮಗುಚುವ ಕೈ ಸಿಕ್ಕಿಸಿ ಕಳಿಸತೊಡಗಿದರು.

ಮೊದಲ ಸುಗ್ಗಿಗೆ ಮಾಂತ್ರಿಕ ಒಂದು ಮಾತಾಡುವ ಹೆಗ್ಗಣವನ್ನು ಕಳಿಸಿದ. "ಆಚೆಯವರು ಕದ್ದು ಕತ್ತಿ ಮಾಡ್ತಿದ್ದಾರೆ!" ಎಂದು ಅದು ಈಚೆ ಕಿವಿಯೂದಿತು, ಆಚೆ ಹೋಗಿ ಇದನ್ನೇ ತಿರುಗಿಸಿ ಊದಿತು. ಕೇದಗಿ ಎಲ್ಲರನ್ನೂ ಕರೆದು ಎರಡೂ ಬೀಗ ತೆಗೆಸಿದಳು. ಒಳಗೆ ಅದಿರು ಇತ್ತು, ಇದ್ದಿಲು ಇತ್ತು, ಕತ್ತಿ ಮಾತ್ರ ಇರಲಿಲ್ಲ. ಹೆಗ್ಗಣ ನಾಚಿ ಬಿಲ ಸೇರಿತು.

ಎರಡನೆಯ ಸುಗ್ಗಿಗೆ ಮಾಂತ್ರಿಕ ಕಳಿಸಿದ ಎರಡು ತಲೆಯ ಹುಲಿಯೊಂದು ದೋಣಿಗಟ್ಟೆಯಲ್ಲಿ ಬಂದು ಕೂತಿತು. ಈಚೆಯವರನ್ನು ಒಂದು ತಲೆ ತಿನ್ನಬೇಕು, ಆಚೆಯವರನ್ನು ಇನ್ನೊಂದು. ಉಪ್ಪು, ಬೆಲ್ಲದ ಸಾಗಾಟವೆಲ್ಲ ನಿಂತುಹೋಯಿತು. ಅಷ್ಟರಲ್ಲಿ ಎರಡು ದಡಕ್ಕೂ ನೆಂಟಸ್ತನ ಬೆಳೆದಿತ್ತು ನೋಡಿ! ಅಂಥದೊಂದು ಮನೆಯ ಕೂಸನ್ನು ಕೇದಗಿ ಸೊಂಟಕ್ಕೇರಿಸಿಕೊಂಡು ಹುಲಿಯೆದುರು ನಿಂತಳು.

"ಇದರಮ್ಮ ಈಚೆಯವಳು, ಅಪ್ಪ ಆಚೆಯವನು. ಇದು ಯಾರ ಪಾಲು?"

"ನನ್ನದು!" ಎಂದಿತು ಒಂದು ತಲೆ. "ಹೋಗೋ, ನನ್ನದು!" ಎಂದಿತು ಇನ್ನೊಂದು. ಎರಡೂ ಕಚ್ಚಾಡಿ ಕಚ್ಚಾಡಿ ಹುಲಿ ಸವೆದು ಬೆಕ್ಕಾಯಿತು. ಕೂಸು ಕೇಕೆ ಹಾಕಿತು. ಬೆಕ್ಕು ಓಟ ಕಿತ್ತಿತು.

ಮೂರನೆಯ ಸುಗ್ಗಿಗೆ ನಡುಗಡ್ಡೆಯಲ್ಲಿ ಊಟದ ಏರ್ಪಾಡಾಯಿತು. ಬೊಂಬೆಯನ್ನೂ ತಂದು ನಿಲ್ಲಿಸಿದ್ದರು. ಧೂಮಕೇಶ ವ್ಯಾಪಾರಿಯ ವೇಷದಲ್ಲಿ ಬಂದು, "ಅಲ್ಲ, ಮೇಲಿನ ಮಣೆ ಯಾವ ದೊರೆಗೆ?" ಎಂದ.

ಅಷ್ಟೇ ಸಾಕಾಯಿತು. "ನನಗೆ!" ಎಂದ ಗಿರಿಮಲ್ಲ. "ನಿನಗಿಂತ ಹಿರಿಯ ನಾನು!" ಎಂದ ಬಲ್ಲರಸ. ಹಳೆಯ ಚಾಳಿಗೆ ಇಬ್ಬರ ಕೈಯೂ ಒರೆಗೆ ಹೋಯಿತು. ಕೇದಗಿ, "ಅಯ್ಯೋ, ಅಣ್ಣ!" ಎಂದು ಚೀರಿದಳು. ಸರಕ್ಕನೆ ಹಿರಿದರು, ಎತ್ತಿದರು. ನೋಡಿದರೆ, ಇಬ್ಬರ ಕೈಯಲ್ಲೂ ದೋಸೆ ಮಗುಚುವ ಕೈ!

ಬಲ್ಲರಸ ತನ್ನದನ್ನು ನೋಡಿದ, ಗಿರಿಮಲ್ಲನದನ್ನು ನೋಡಿದ. ಅವನ ಹೊಟ್ಟೆ ಕುಲುಕತೊಡಗಿತು. ಗಿರಿಮಲ್ಲ ಬಿದ್ದು ಬಿದ್ದು ನಕ್ಕ. ಎರಡು ರಾಜ್ಯವೂ ನಕ್ಕಿತು. ಆ ನಗು ತಾಗಿ ಮಾಂತ್ರಿಕ ಹೊಗೆಯಾಗಿ ಕುಲುಮೆಯ ಮೇಲೆ ಹಾರಿಹೋದ. ಮಣೆಗಳನ್ನು ಒಲೆಗೆ ಹಾಕಿ ದೊರೆಗಳಿಬ್ಬರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತರು. ಇನ್ನು ಮುಂದೆ ಎರಡು ರಾಜ್ಯದ ಕಷ್ಟಸುಖವನ್ನೂ ಹೀಗೇ ಕೂತು ಮಾತಾಡುವುದೆಂದು ಗೊತ್ತುಮಾಡಿಕೊಂಡರು.

ಅಷ್ಟರಲ್ಲಿ ಬೊಂಬೆಯ ಬೆರಳು ಅಲುಗಿತು. ಕಬ್ಬಿಣದ ಕೆನ್ನೆಗೆ ಬಣ್ಣ ಬಂತು.

"ಕೇದಗೀ," ಎಂದ ಮಣಿಕೇತ, "ಹಸಿವಾಗ್ತಿದೆ ಕಣೇ."

ಕೇದಗಿ ಅಳುತ್ತಾ ನಗುತ್ತಾ ಅಣ್ಣನಿಗೆ ಎಲೆ ಹಾಕಿದಳು. ಅದಿರುಗಿರಿಯ ದೊರೆ ದೋಸೆ ಹುಯ್ದ. ಇದ್ದಿಲವನದ ದೊರೆ ಮಗುಚಿ ಹಾಕಿದ.